ಹನ್ನೆರಡು ಚಿತ್ರ, ಹನ್ನೆರಡು ಗಂಟೆ

ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಟ್ರಂಕೊಂದಿದೆ. ಅದರ ತಳದಲ್ಲಿ ನನ್ನ ಮದುವೆಯ ಆಲ್ಬಂ. ಕಪ್ಪು ರಟ್ಟಿನ ಹಾಳೆಗಳು, ಹಾಳೆಗೂ ಹಾಳೆಗೂ ನಡುವೆ ಜೇಡರ ಬಲೆಯ ಚಿತ್ತಾರವಿರುವ ತೆಳು ಕಾಗದ. ಪುಟಕ್ಕೊಂದರಂತೆ ಹನ್ನೆರಡು ಚಿತ್ರ ಅಂಟಿಸುವ ಆಲ್ಬಂ ಅದು. ಆದರೆ ಅದರಲ್ಲಿರುವುದು ಹನ್ನೊಂದೇ ಚಿತ್ರ.

ಕಳೆದ ದೀಪಾವಳಿ ರಜೆಯಲ್ಲಿ ನನ್ನ ಕಿರಿ ಮಗನ ಮಗ ಪುಟ್ಟ ಅದನ್ನು ಕೆಳಗಿಳಿಸಿ ಧೂಳು ಒರೆಸಿದ. ಏಳನೇ ತರಗತಿಯ ಹುಡುಗ. ಎಲ್ಲದಕ್ಕೂ ಲೆಕ್ಕ ಬೇಕು ಅವನಿಗೆ. ಕೊನೆಯ ಪುಟಕ್ಕೆ ಬಂದವನು ತಲೆ ಎತ್ತಿದ.

“ಅಜ್ಜಿ, ಇಲ್ಲಿ ನಾಲ್ಕು ಮೂಲೆ ಅಂಟಿಸಿದ್ದಾರೆ, ಫೋಟೊನೇ ಇಲ್ವಲ್ಲ. ಬಿದ್ದು ಹೋಯ್ತಾ?”

“ಬಿದ್ದಿಲ್ಲ ಮಗ, ತೆಗೆಯಲೇ ಇಲ್ಲ” ಅಂದೆ. ಅವನು ಬಿಡಬೇಕಲ್ಲ! ಹೇಳಬೇಕಾಯಿತು.

1973ರ ವೈಶಾಖ. ಅರಕಲಗೂಡು ಕಡೆಯ ನಮ್ಮ ಹಳ್ಳಿಯಲ್ಲಿ, ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿ ನನ್ನ ಮದುವೆ ಮಾಡಿದರು. ಫೋಟೊ ತೆಗೆಯುವವರು ಹಾಸನದಿಂದ ಬೆಳಗಿನ ಬಸ್ಸಿಗೆ ಬಂದರು. ಎದೆಯ ಮೇಲೆ ಚೌಕಾಕಾರದ ಒಂದು ಪೆಟ್ಟಿಗೆ. ಅದಕ್ಕೆ ಒಂದರ ಮೇಲೊಂದು ಎರಡು ಕಣ್ಣು. ಅವರು ನಮ್ಮ ಮುಖ ನೋಡುತ್ತಿರಲಿಲ್ಲ, ತಲೆ ಬಗ್ಗಿಸಿ ಪೆಟ್ಟಿಗೆಯ ಒಳಗೆ ನೋಡುತ್ತಿದ್ದರು. ಅದರಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದಂತೆ. ಒಂದು ಸುರುಳಿ ಫಿಲಂ ಹಾಕಿದರೆ ಹನ್ನೆರಡು ಚಿತ್ರ, ಅಷ್ಟೆ. ನಮ್ಮಪ್ಪ ಒಂದೇ ಸುರುಳಿಗೆ ಹೇಳಿದ್ದರು. “ತಾಳಿ ಕಟ್ಟೋದು ಸಿಕ್ಕಿದರೆ ಸಾಕು, ಮಿಕ್ಕಿದ್ದೆಲ್ಲ ಯಾರಿಗೆ ಬೇಕು” ಅನ್ನುವ ಕಾಲ.

ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ನಮ್ಮ ದೊಡ್ಡಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೇ ಬಂದಿದ್ದಳು. ಅಂಥವರು ಹಸೆಮಣೆಯ ಹತ್ತಿರ ಸುಳಿಯಬಾರದು ಅನ್ನುವ ಕಟ್ಟಳೆ ಆಗ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ, ಆಗ ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಕ್ಕಿ ಬೆಲ್ಲ ಅಳೆದು ಕೊಡುತ್ತ ಇಡೀ ದಿನ ಒಳಗೇ ಇದ್ದಳು. ನಾನು ಮಾತ್ರ ಫೋಟೊದವರ ಹತ್ತಿರ ಗುಟ್ಟಾಗಿ, “ಒಂದು ಉಳಿಸಿಕೊಳ್ಳಿ, ಊಟವಾದ ಮೇಲೆ ದೊಡ್ಡಮ್ಮನ ಜೊತೆ ಹಿತ್ತಲಲ್ಲಿ ತೆಗೆಸಿಕೊಳ್ಳುತ್ತೇನೆ” ಅಂದಿದ್ದೆ. ಅವರೂ ಒಪ್ಪಿದ್ದರು.

ಪಂಕ್ತಿಯ ಮೇಲೆ ಪಂಕ್ತಿ ಕೂತಿತು. ದೊಡ್ಡಮ್ಮನಿಗೆ ಬಿಡುವಾಗಿ, ಮುಖ ತೊಳೆದು, ಮಡಿಸಿಟ್ಟಿದ್ದ ಸೀರೆ ಉಟ್ಟು ಹಿತ್ತಲಿಗೆ ಬಂದಾಗ ಮೂರು ಗಂಟೆ. ಹಾಸನದ ಬಸ್ಸು ಎರಡಕ್ಕೆ. ಅದು ತಪ್ಪಿದರೆ ಮರುದಿನವೇ. ಫೋಟೊದವರು ಆ ಬಸ್ಸಿಗೆ ಹೋಗಿಬಿಟ್ಟಿದ್ದರು. ಉಳಿಸಿಕೊಂಡ ಒಂದು ಫಿಲಂ ಅವರ ಪೆಟ್ಟಿಗೆಯಲ್ಲೇ ಹೋಯಿತು. ಮೂರು ವರ್ಷಕ್ಕೆ ದೊಡ್ಡಮ್ಮನೂ ಹೋದಳು. ಅವಳ ಒಂದು ಚಿತ್ರವೂ ನಮ್ಮಲ್ಲಿಲ್ಲ.

ಪುಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅಂದರೆ ಫಿಲಂ ಇತ್ತು, ಟೈಮ್ ಇರಲಿಲ್ಲ” ಅಂದ.

ಹೌದಲ್ಲ! ಇಷ್ಟು ವರ್ಷ ನಾನು ಅದನ್ನು ಹಾಗೆ ಯೋಚಿಸಿಯೇ ಇರಲಿಲ್ಲ.

ಮನೆಯಲ್ಲಿ ಎದ್ದ ಪ್ರಶ್ನೆ

ಆ ಹೊತ್ತಿಗೇ ನಮ್ಮ ದೊಡ್ಡ ಮಗನ ಮಗಳ ಮದುವೆ ನಿಶ್ಚಯವಾಗಿತ್ತು. ಮಾಘದಲ್ಲಿ, ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ. ನಮ್ಮಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಫೋಟೊ ಸ್ಟುಡಿಯೊದ ಹುಡುಗ ಮನೆಗೆ ಬಂದು ಪಟ್ಟಿ ಮುಂದಿಟ್ಟ. ಸಂಜೆ ನಾಲ್ಕು ಗಂಟೆ, ಬೆಳಿಗ್ಗೆ ಆರು ಗಂಟೆ, ಒಟ್ಟು ಹತ್ತು. ಅದಕ್ಕಿಂತ ಹೆಚ್ಚಾದರೆ ಗಂಟೆಗೆ ಇಷ್ಟು ಎಂದು ಬೇರೆ. ಮೇಲಿನಿಂದ ಹಾರಿಸುವ ಡ್ರೋನಿಗೆ ಇನ್ನೂ ಬೇರೆ.

ಮಗ, “ಹತ್ತು ಗಂಟೆ ಧಾರಾಳವಾಯಿತು. ತಾಳಿ ಕಟ್ಟಿದ ಮೇಲೆ ಇನ್ನೇನಿರುತ್ತೆ? ಮಿಕ್ಕಿದ್ದನ್ನು ಮೊಬೈಲಿನಲ್ಲಿ ತೆಗೆದರಾಯಿತು” ಅಂದ. ಐವತ್ತು ವರ್ಷದ ಹಿಂದೆ ನಮ್ಮಪ್ಪ ಆಡಿದ ಮಾತೇ! ಮದುವೆ ಹುಡುಗಿಗೆ ಬೇರೆ ಆಸೆ. ಬೆಳಗಿನ ಜಾವ ಐದಕ್ಕೆ ಅಲಂಕಾರ ಶುರುವಾದಾಗಿನಿಂದಲೇ ತೆಗೆಯಬೇಕಂತೆ. ಅವಳ ಅಮ್ಮನಿಗೆ ದುಡ್ಡಿನ ಚಿಂತೆ. ಮಾತು ಬೆಳೆಯಿತು, ಕಾಫಿ ಆರಿತು.

ನಾನು ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು. “ಜಗಳ ಯಾಕೆ? ಲೆಕ್ಕ ಹಾಕಿ ನೋಡೋಣ. ಪುಟ್ಟ, ನೋಟ್‌ಬುಕ್ ತಾ” ಅಂದೆ.

ಮುಹೂರ್ತದಿಂದ ಹಿಂದಕ್ಕೆ

ಇಂಥ ಲೆಕ್ಕಕ್ಕೆ ಮೊದಲು ಅಲುಗಾಡದ ಒಂದು ಗೂಟ ಬೇಕು. ಮದುವೆಯಲ್ಲಿ ಆ ಗೂಟ ಯಾವುದು ಹೇಳಿ ಮಕ್ಕಳೇ? ಮುಹೂರ್ತ! ಊಟ ತಡವಾಗಬಹುದು, ಬೀಗರ ಬಸ್ಸು ತಡವಾಗಬಹುದು, ಮುಹೂರ್ತ ಯಾರಿಗೂ ಕಾಯುವುದಿಲ್ಲ. ನಮ್ಮ ಲಗ್ನಪತ್ರಿಕೆಯಲ್ಲಿ 10.10ರಿಂದ 10.50 ಎಂದಿತ್ತು. ಪುಟ್ಟ ಹಾಳೆಯ ನಡುವೆ ಅದನ್ನು ಬರೆದು ಸುತ್ತ ಚೌಕ ಹಾಕಿದ.

ಅಲ್ಲಿಂದ ಹಿಂದಕ್ಕೆ ಹೋದೆವು. ವರಪೂಜೆ, ಕಾಶಿಯಾತ್ರೆಗೆ ಒಂದು ಗಂಟೆ ಬೇಕೆಂದು ಪುರೋಹಿತರು ಫೋನಿನಲ್ಲಿ ಹೇಳಿದರು. ಅದನ್ನು 8.45ರಿಂದ 9.45ಕ್ಕೆ ಇಟ್ಟೆವು. ಅದಕ್ಕೂ ಹಿಂದೆ ಅರ್ಧ ಗಂಟೆ, ಅಂದರೆ 8.15ರಿಂದ 8.45, ವಯಸ್ಸಾದವರ ಚಿತ್ರಕ್ಕೆ. ಇದು ನನ್ನ ಹಟ. ತಿಂಡಿ ತಿಂದು ಹೊಸ ಸೀರೆ, ಪಂಚೆ ಉಟ್ಟು ಕೂತ ಹೊತ್ತಿನಲ್ಲಿ ಮುದುಕರ ಮುಖದಲ್ಲಿ ಕಳೆ ಇರುತ್ತದೆ. ಮಧ್ಯಾಹ್ನದ ತನಕ ಕಾಯಿಸಿದರೆ ಅರ್ಧ ಜನ ಮಂಡಿನೋವೆಂದು ಮನೆಗೆ ಹೋಗಿರುತ್ತಾರೆ, ಇನ್ನರ್ಧ ಜನ ಕುರ್ಚಿಯಲ್ಲೇ ತೂಕಡಿಸುತ್ತಿರುತ್ತಾರೆ.

ಅಲಂಕಾರದ ಮಾತು ಬಂತು. ಪುಟ್ಟ ಅವನ ಅಕ್ಕನನ್ನೇ ಕೇಳಿದ: “ಅಕ್ಕ, ಐದು ಗಂಟೆಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿರೋ ಫೋಟೊ ಆಲ್ಬಂಗೆ ಹಾಕ್ತೀಯಾ?” ಅವಳು ನಕ್ಕುಬಿಟ್ಟಳು. ಜಡೆಗೆ ಹೂವು ಮುಡಿಸುವುದು, ಬಳೆ ಏರಿಸುವುದು, ಬಾಸಿಂಗ ಕಟ್ಟುವುದು ಇವು ಕಡೆಯ ಅರ್ಧ ಗಂಟೆಯಲ್ಲೇ ಆಗುತ್ತವೆ. 7.45ರಿಂದ 8.15 ಸಾಕು ಎಂದಾಯಿತು. ಫೋಟೊದವರಿಗೆ ದೀಪ, ಸ್ಟ್ಯಾಂಡು ಜೋಡಿಸಿಕೊಳ್ಳಲು ಕಾಲು ಗಂಟೆ. ಹಾಗಾಗಿ ಬೆಳಗಿನ ಕೆಲಸ 7.30ಕ್ಕೆ ಶುರು.

ಈಗ ಮುಹೂರ್ತದಿಂದ ಮುಂದಕ್ಕೆ. ಲಾಜಾಹೋಮ, ಸಪ್ತಪದಿ, ಅರುಂಧತಿ ದರ್ಶನ ಮುಗಿಯುವಾಗ 12. ಆಮೇಲೆ ಬಂಧುಗಳ ಗುಂಪುಚಿತ್ರ. ಯಾವ ಯಾವ ಗುಂಪು ಎಂದು ಪಟ್ಟಿ ಮಾಡಿದರೆ ಇಪ್ಪತ್ತಾಯಿತು. ಒಂದೊಂದು ಗುಂಪು ಮೇಲೆ ಹತ್ತಿ, ಸಾಲಾಗಿ ನಿಂತು, ಕಣ್ಣು ಮುಚ್ಚಿದವರಿಗಾಗಿ ಮತ್ತೊಮ್ಮೆ ತೆಗೆಸಿಕೊಂಡು ಇಳಿಯಲು ಮೂರು ನಿಮಿಷ. ಇಪ್ಪತ್ತು ಮೂರಲಿ ಅರವತ್ತು. ಒಂದು ಗಂಟೆಗೆ ಭೂಮದ ಊಟ, ಎರಡರವರೆಗೆ. ಅರ್ಧ ಗಂಟೆ ಹೆಣ್ಣೊಪ್ಪಿಸುವ ಶಾಸ್ತ್ರ. ಕೊನೆಗೆ ಅರ್ಧ ಗಂಟೆ ಖಾಲಿ.

“ಖಾಲಿ ಯಾಕಜ್ಜಿ?”

“ಪರೀಕ್ಷೆಯಲ್ಲಿ ಕೊನೆಗೆ ಹತ್ತು ನಿಮಿಷ ಉಳಿಸಿಕೋ ಅಂತ ಹೇಳಿಲ್ವೇನೋ? ಅದಕ್ಕೇ!”

ಅಲ್ಲಿಗೆ ಮೂರು ಗಂಟೆ. 7.30ರಿಂದ 3ರವರೆಗೆ ಏಳೂವರೆ ಗಂಟೆ. ಸ್ಟುಡಿಯೊದವರ ಲೆಕ್ಕದ ಆರು ಗಂಟೆಗೆ ನಿಲ್ಲಿಸಿದರೆ 1.30ಕ್ಕೆ, ಭೂಮದ ಊಟದ ನಡುವೆಯೇ ಕ್ಯಾಮರಾ ಚೀಲಕ್ಕೆ ಹೋಗುತ್ತಿತ್ತು. ಹೆಣ್ಣೊಪ್ಪಿಸುವಾಗ ಯಾರೂ ಇರುತ್ತಿರಲಿಲ್ಲ. ಮಗ ಕನ್ನಡಕ ತೆಗೆದು ಹಾಳೆಯನ್ನು ಹತ್ತಿರ ಹಿಡಿದು ನೋಡಿದ, ಮಾತಾಡಲಿಲ್ಲ.

ಆರತಕ್ಷತೆಯ ಸಾಲು

ಸಂಜೆಯ ಲೆಕ್ಕ ಇನ್ನೂ ಸುಲಭ. 600 ಜನಕ್ಕೆ ಕರೆಯೋಲೆ. ಸಾಮಾನ್ಯವಾಗಿ ಒಂದು ಸಂಸಾರದಿಂದ ನಾಲ್ಕು ಜನ ವೇದಿಕೆ ಹತ್ತುತ್ತಾರೆ ಎಂದುಕೊಂಡರೆ 150 ಗುಂಪು. ಗುಂಪಿಗೆ ಒಂದೇ ನಿಮಿಷ ಕೊಟ್ಟರೂ 150 ನಿಮಿಷ, ಎರಡೂವರೆ ಗಂಟೆ! 6.30ಕ್ಕೆ ಶುರುವಾದರೆ 9ಕ್ಕೆ ಮುಗಿಯುತ್ತದೆ. ಅರ್ಧ ಗಂಟೆ ಖಾಲಿ ಬಿಟ್ಟರೆ 9.30.

ಶುರು ಯಾವಾಗ? ಗಂಡಿನ ಕಡೆಯವರನ್ನು ಎದುರುಗೊಳ್ಳುವುದು ಐದಕ್ಕೆ. ವಧೂವರರಿಬ್ಬರ ಚಿತ್ರ 5.30ರಿಂದ 6ರವರೆಗೆ, ಮಂಟಪದ ಹೊರಗಿನ ಸಂಪಿಗೆ ಮರದ ಹತ್ತಿರ. ಆ ಹೊತ್ತು ಯಾಕೆ ಎಂದು ಸ್ಟುಡಿಯೊ ಹುಡುಗನೇ ಹೇಳಿದ. ಇಳಿಬಿಸಿಲು ಮೃದು. ನಡುಹಗಲಿನಂತೆ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುವುದಿಲ್ಲ. ಐದರಿಂದ ಒಂಬತ್ತೂವರೆ, ಒಟ್ಟು ನಾಲ್ಕೂವರೆ ಗಂಟೆ.

ನಾಲ್ಕೂವರೆ, ಏಳೂವರೆ, ಕೂಡಿದರೆ ಹನ್ನೆರಡು. ಪುಟ್ಟ ಎದ್ದು ಕುಣಿದ. “ಅಜ್ಜಿ, ನಿಮಗೆ ಹನ್ನೆರಡು ಫೋಟೊ, ಅಕ್ಕನಿಗೆ ಹನ್ನೆರಡು ಗಂಟೆ!”

ಹತ್ತಕ್ಕೆ ಹನ್ನೆರಡಾಯಿತು. ಹೆಚ್ಚಿನ ಎರಡು ಗಂಟೆಯ ಹಣ ಎಲ್ಲಿಂದ? ಮದುವೆ ಹುಡುಗಿಯೇ, “ಡ್ರೋನ್ ಬೇಡ ಬಿಡಪ್ಪ. ಮಂಟಪದ ತಾರಸಿ ನೋಡಿಕೊಂಡು ಏನು ಮಾಡಲಿ” ಅಂದಳು. ಲೆಕ್ಕ ಸರಿಹೋಯಿತು.

ಎಂಟು ಗಂಟೆಗೆ ಒಂದು ಚಿತ್ರ

ಅಂದು ರಾತ್ರಿ ಪುಟ್ಟನಿಗೆ ಇನ್ನೊಂದು ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ.

ಫ್ರಾನ್ಸ್ ದೇಶದಲ್ಲಿ ನಿಯೆಪ್ಸ್ ಎಂಬುವರಿದ್ದರು. 1826 ಅಥವಾ 1827ರಲ್ಲಿ ಅವರು ಲೋಹದ ತಗಡಿಗೆ ಡಾಂಬರಿನಂಥ ವಸ್ತು ಸವರಿ, ಕ್ಯಾಮರಾದೊಳಗಿಟ್ಟು, ತಮ್ಮ ಮನೆಯ ಕಿಟಕಿಯಿಂದ ಕಾಣುವ ನೋಟವನ್ನು ಹಿಡಿದರು. ಬೆಳಕು ಬಿದ್ದ ಕಡೆ ಆ ವಸ್ತು ಗಟ್ಟಿಯಾಗುತ್ತಿತ್ತು, ಬೀಳದ ಕಡೆ ತೊಳೆದುಹೋಗುತ್ತಿತ್ತು. ಕ್ಯಾಮರಾದಿಂದ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಆ ಒಂದು ಚಿತ್ರಕ್ಕೆ ಕನಿಷ್ಠ ಎಂಟು ಗಂಟೆ ಬೆಳಕು ಬೇಕಾಯಿತಂತೆ. ಹಲವು ದಿನವೇ ಬೇಕಾಗಿರಬೇಕು ಎನ್ನುವವರೂ ಇದ್ದಾರೆ. ಅಷ್ಟು ಹೊತ್ತಿನಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಹೋಗಿಬಿಟ್ಟ. ಹಾಗಾಗಿ ಆ ಚಿತ್ರದಲ್ಲಿ ಎರಡೂ ಕಡೆಯ ಗೋಡೆಗಳ ಮೇಲೆ ಬಿಸಿಲು ಕಾಣುತ್ತದೆ!

1839ರಲ್ಲಿ ಅದೇ ದೇಶದ ಡಗೇರ್ ಎಂಬುವರ ವಿಧಾನ ಲೋಕಕ್ಕೆ ಗೊತ್ತಾಯಿತು. ಆಗ ಗಂಟೆಗಳು ನಿಮಿಷಗಳಿಗೆ ಇಳಿದವು. ಆದರೂ ನಿಮಿಷಗಟ್ಟಲೆ ಅಲುಗಾಡದೆ ಕೂರುವುದು ಸಾಮಾನ್ಯವೇ? ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಅಷ್ಟು ಹೊತ್ತು ನಗುತ್ತ ಕೂತರೆ ಕೆನ್ನೆ ನೋಯುವುದಿಲ್ಲವೇ? ಬಹಳ ಹಳೆಯ ಚಿತ್ರಗಳಲ್ಲಿ ಎಲ್ಲರೂ ಬಿಗಿದ ಮುಖದಲ್ಲಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಕಾಲಕ್ಕೆ ಸೆಕೆಂಡಿನ ನೂರರಲ್ಲೊಂದು ಪಾಲು ಸಾಕಾಗಿತ್ತು. ಊಟಿಯಲ್ಲಿದ್ದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಹೆಸರಿನ ಕಪ್ಪುಬಿಳುಪು ಫಿಲಂ ತಯಾರಿಸುತ್ತಿತ್ತು. ಈಗ ಫಿಲಂ ಬೇಡ. ಉಗುರಿನಷ್ಟು ದೊಡ್ಡ ಕಾರ್ಡಿನಲ್ಲಿ ಸಾವಿರಗಟ್ಟಲೆ ಚಿತ್ರ. ಆದರೂ ಗಂಟೆಯ ಲೆಕ್ಕ ತಪ್ಪಲಿಲ್ಲ ನೋಡಿ. ಅಂದು ಬೆಳಕಿಗೆ ಹೊತ್ತು ಬೇಕಿತ್ತು, ಇಂದು ಜನರಿಗೆ ಹೊತ್ತು ಬೇಕು.

ಮದುವೆಯ ದಿನ

ಹಾಳೆಯಲ್ಲಿ ಬರೆದಂತೆ ಮದುವೆ ನಡೆಯುತ್ತದೆಯೇ? ಖಂಡಿತ ಇಲ್ಲ.

ಆರತಕ್ಷತೆ 9.40ಕ್ಕೆ ಮುಗಿಯಿತು. ಹತ್ತು ನಿಮಿಷ ಹೆಚ್ಚು. ಸ್ಟುಡಿಯೊ ಹುಡುಗ ಲೆಕ್ಕಕ್ಕೆ ಹಿಡಿಯಲಿಲ್ಲ. ಅವನಿಗೂ ಜೊತೆಯ ಇಬ್ಬರಿಗೂ ಮೊದಲ ಪಂಕ್ತಿಯಲ್ಲೇ ಊಟ ಹಾಕಿಸಿದ್ದೆವು. ಎಷ್ಟೋ ಮದುವೆಗಳಲ್ಲಿ ಅವರು ಕೊನೆಯ ಪಂಕ್ತಿಗೆ, ಪಾಯಸ ಮುಗಿದ ಮೇಲೆ ಕೂರುವುದನ್ನು ನೋಡಿದ್ದೇನೆ. ಹಸಿದವರ ಕೈ ನಡುಗದೆ ಇರುತ್ತದೆಯೇ?

ಬೆಳಿಗ್ಗೆ 8.15ಕ್ಕೆ ಪುಟ್ಟ ಪಟ್ಟಿ ಹಿಡಿದು ನಿಂತ. ಮೊದಲ ಹೆಸರು ನಮ್ಮಕ್ಕನದು. ಎಂಬತ್ತನಾಲ್ಕು ವರ್ಷ, ಊರುಗೋಲು. “ನನ್ನದೇನು ಬಿಡ್ರೋ, ಮಕ್ಕಳದು ತೆಗೀರಿ” ಅನ್ನುತ್ತಲೇ ಸೆರಗು ಸರಿಮಾಡಿಕೊಂಡಳು. ಮದುವೆ ಹುಡುಗಿ ಅವಳ ಕುರ್ಚಿಯ ಪಕ್ಕ ನೆಲದಲ್ಲೇ ಕೂತಳು. ಹತ್ತು ಗಂಟೆಗೆ ಅಕ್ಷತೆ ಹಾಕಲು ಕಾದಿದ್ದ ಅಕ್ಕ, ಮಾಂಗಲ್ಯಧಾರಣೆ ಆದ ಹದಿನೈದು ನಿಮಿಷಕ್ಕೆಲ್ಲ ತಲೆ ಸುತ್ತುತ್ತಿದೆ ಎಂದು ಮನೆಗೆ ಹೊರಟಳು. ಮಧ್ಯಾಹ್ನದ ಗುಂಪುಚಿತ್ರಕ್ಕೆ ಬಿಟ್ಟಿದ್ದರೆ ಅವಳು ಸಿಗುತ್ತಿರಲಿಲ್ಲ.

ವರಪೂಜೆ ಇಪ್ಪತ್ತೈದು ನಿಮಿಷ ತಡವಾಯಿತು. ಕಾಶಿಯಾತ್ರೆಗೆ ಹೊರಟ ಅಳಿಯ ಮಂಟಪದ ಗೇಟಿನವರೆಗೂ ಹೋಗದೆ ಮೆಟ್ಟಿಲಿನಿಂದಲೇ ವಾಪಸು ಬಂದ! ಗುಂಪುಚಿತ್ರ 12.20ಕ್ಕೆ ಶುರುವಾಯಿತು. ಪುಟ್ಟ ಒಂದು ಗುಂಪು ಮೇಲಿರುವಾಗಲೇ ಮುಂದಿನ ಗುಂಪನ್ನು ಮೆಟ್ಟಿಲ ಬಳಿ ನಿಲ್ಲಿಸುತ್ತಿದ್ದ. 1.15ಕ್ಕೆ ಮುಗಿಯಿತು. ಊಟ 2.10ರವರೆಗೆ. ಹೆಣ್ಣೊಪ್ಪಿಸುವಾಗ ನಮ್ಮ ದೊಡ್ಡ ಮಗ, ತಾಳಿಯಾದ ಮೇಲೆ ಏನಿರುತ್ತದೆ ಎಂದು ಕೇಳಿದವನು, ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು ಬಿಡಲಾರದೆ ಹಾಗೇ ನಿಂತುಬಿಟ್ಟ. ಆ ಚಿತ್ರ ಈಗ ಅವನ ಮೇಜಿನ ಮೇಲಿದೆ.

ಗಡಿಯಾರ ನೋಡಿದರೆ 2.40. ಖಾಲಿ ಬಿಟ್ಟಿದ್ದ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಉಳಿದಿತ್ತು. ಪುಟ್ಟ ನನ್ನ ಹತ್ತಿರ ಓಡಿ ಬಂದ.

“ಅಜ್ಜಿ, ಉಗ್ರಾಣದ ಕೀ ಇವತ್ತು ಯಾರ ಹತ್ತಿರ ಇದೆ?”

ನನಗೆ ಎದೆ ಧಸಕ್ಕೆಂದಿತು. ಕೀ ಇದ್ದದ್ದು ಅವನ ಅಮ್ಮನ ಹತ್ತಿರ, ನನ್ನ ಕಿರಿ ಸೊಸೆಯ ಹತ್ತಿರ. ಎರಡು ದಿನದಿಂದ ತಾಂಬೂಲದ ಚೀಲ, ತೆಂಗಿನಕಾಯಿ, ಅಡುಗೆಯವರಿಗೆ ಸಾಮಾನು ಎಂದು ಅಲ್ಲೇ ಇದ್ದಳು. ಈಗ ಯಾವ ಕಟ್ಟಳೆಯೂ ಅವಳನ್ನು ತಡೆದಿರಲಿಲ್ಲ. ಆದರೂ ಒಂದು ಗುಂಪಿನಲ್ಲೂ ಅವಳು ಬಂದಿರಲಿಲ್ಲ. ನಾವೂ ಗಮನಿಸಿರಲಿಲ್ಲ. ದೊಡ್ಡಮ್ಮನ ಕಥೆ ಹೇಳಿದ ನಾನೇ ಮರೆತಿದ್ದೆ, ಕೇಳಿದವನು ಮರೆತಿರಲಿಲ್ಲ.

ಅವಳು ಒಪ್ಪಲಿಲ್ಲ. “ಈ ಸೀರೆಯಲ್ಲಾ ಅತ್ತೆ? ಬೆವರಿ ನೀರಾಗಿದ್ದೀನಿ.” ಸ್ಟುಡಿಯೊ ಹುಡುಗ, “ಹೋಗಿ ಮುಖ ತೊಳ್ಕೊಂಡು ಬನ್ನಿ ಅಕ್ಕ, ಮೂರರವರೆಗೂ ನಾನು ನಿಮ್ಮೋನೇ” ಅಂದ. ಸೀರೆ ಬದಲಿಸಿ ಬಂದಳು. ಬೀಗದ ಕೈ ತೆಗೆದಿಡಲು ಹೋದವಳಿಗೆ ಬೇಡವೆಂದೆ. ವಧೂವರರ ನಡುವೆ, ಸೊಂಟದಲ್ಲಿ ಕೀ ಗೊಂಚಲು ಸಿಕ್ಕಿಸಿಕೊಂಡು ನಿಂತಳು. ಆಮೇಲೆ ಅಡುಗೆಯವರನ್ನೂ ಪಾತ್ರೆ ತೊಳೆದ ಹೆಂಗಸರನ್ನೂ ಕರೆದು ಒಂದು ಚಿತ್ರ. ಕೊನೆಯದಾಗಿ ಸ್ಟುಡಿಯೊ ಹುಡುಗನನ್ನೇ ನಿಲ್ಲಿಸಿ ಪುಟ್ಟ ಮೊಬೈಲಿನಲ್ಲಿ ಒಂದು ತೆಗೆದ. ಅಷ್ಟರಲ್ಲಿ ಮೂರು ಹೊಡೆಯಿತು.

ನಿಮ್ಮ ಮನೆಯ ಮದುವೆಗೆ

ನಿಮ್ಮ ಮನೆಯಲ್ಲೂ ಮದುವೆಯಿದ್ದರೆ ಅಜ್ಜ ಅಜ್ಜಿ, ಮೊಮ್ಮಕ್ಕಳು ಸೇರಿ ಈ ಲೆಕ್ಕ ಮಾಡಿ. ಫೋಟೊದವರಿಗೆ ಮುಂಗಡ ಕೊಡುವ ಮೊದಲು ನಾಲ್ಕು ಮಾತು ಕೇಳಿ. ಗಂಟೆ ಎಣಿಸುವುದು ಅವರು ಮಂಟಪಕ್ಕೆ ಬಂದಾಗಿನಿಂದಲೋ, ಸ್ಟುಡಿಯೊ ಬಿಟ್ಟಾಗಿನಿಂದಲೋ? ಹೊತ್ತು ಮೀರಿದರೆ ಗಂಟೆಗೆ ಎಷ್ಟು? ಎಷ್ಟು ಜನ ಬರುತ್ತಾರೆ? ತೆಗೆದ ಚಿತ್ರಗಳನ್ನು ಎರಡು ಕಡೆ ಉಳಿಸಿಡುತ್ತಾರೆಯೇ? ಉತ್ತರಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಶಾಸ್ತ್ರಗಳಿಗೆ ಎಷ್ಟು ಹೊತ್ತು ಎಂಬುದನ್ನು ಫೋಟೊದವರನ್ನಲ್ಲ, ಪುರೋಹಿತರನ್ನು ಕೇಳಿ. ಗುಂಪಿನ ಪಟ್ಟಿಯನ್ನು ಎಲ್ಲರ ಹೆಸರು ಗೊತ್ತಿರುವ ಚುರುಕು ಹುಡುಗ ಅಥವಾ ಹುಡುಗಿಯ ಕೈಗೆ ಕೊಡಿ. ಪಟ್ಟಿಯ ಕೊನೆಗೆ ‘ಯಾರು ಉಳಿದರು?’ ಎಂದು ಒಂದು ಸಾಲು ಬರೆದಿಡಿ.

ಚಿಕ್ಕ ಮದುವೆಗೆ ಹನ್ನೆರಡು ಗಂಟೆ ಬೇಕಿಲ್ಲ. ದೇವಸ್ಥಾನದಲ್ಲಿ ನೂರು ಜನರೊಳಗೆ ಮಾಡುವ ಮದುವೆಗೆ ನಾಲ್ಕೈದು ಗಂಟೆ ಸಾಕಾಗಬಹುದು. ಲೆಕ್ಕ ಹಾಕುವ ಕ್ರಮ ಮಾತ್ರ ಒಂದೇ. ಮುಹೂರ್ತದಿಂದ ಹಿಂದಕ್ಕೆ, ಮುಹೂರ್ತದಿಂದ ಮುಂದಕ್ಕೆ, ಕೊನೆಗೆ ಅರ್ಧ ಗಂಟೆ ಖಾಲಿ.

ಹೊಸ ಆಲ್ಬಂ ಬಂದಿದೆ. ಎತ್ತಲು ಎರಡು ಕೈ ಬೇಕು, ಅಷ್ಟು ಭಾರ. ಕಿರಿ ಸೊಸೆಯ ಚಿತ್ರದ ಒಂದು ಪ್ರತಿಯನ್ನು ಪುಟ್ಟ ಚಿಕ್ಕದಾಗಿ ಮುದ್ರಿಸಿಕೊಂಡು ಬಂದು, “ಅಜ್ಜಿ, ನಿಮ್ಮ ಆಲ್ಬಂನ ಕೊನೇ ಪುಟಕ್ಕೆ ಅಂಟಿಸಲಾ?” ಎಂದು ಕೇಳಿದ. ನಾನು ಬೇಡವೆಂದೆ. ಆ ಪುಟ ದೊಡ್ಡಮ್ಮನದು. ಖಾಲಿಯಿದ್ದರೂ ಅವಳದೇ. ಅವಳು ಹೇಗಿದ್ದಳು ಎಂದು ಅವನು ಕೇಳಿದ. ಬಲಗೆನ್ನೆಯ ಮೇಲಿನ ಮಚ್ಚೆ, ನಕ್ಕರೆ ಕಾಣುವ ಮುರುಕು ಹಲ್ಲು, ಬೆಲ್ಲದ ವಾಸನೆಯ ಕೈ ಎಲ್ಲ ಹೇಳಿದೆ. ಅವನು ಅದನ್ನು ಒಂದು ಚೀಟಿಯಲ್ಲಿ ಬರೆದು ಆ ನಾಲ್ಕು ಮೂಲೆಗಳ ನಡುವೆ ಸಿಕ್ಕಿಸಿ, ಟ್ರಂಕನ್ನು ಅಟ್ಟಕ್ಕೇರಿಸಿದ.

ಮಕ್ಕಳಿಗೊಂದು ಲೆಕ್ಕ: ಆರತಕ್ಷತೆ ಸಂಜೆ 6.30ಕ್ಕೆ ಶುರು. 480 ಅತಿಥಿಗಳು, ಆರಾರು ಜನರ ಗುಂಪಾಗಿ ವೇದಿಕೆ ಹತ್ತುತ್ತಾರೆ. ಗುಂಪಿಗೆ 1 ನಿಮಿಷ. ಆಮೇಲೆ 15 ಬಂಧುಗಳ ಗುಂಪುಚಿತ್ರ, ಒಂದಕ್ಕೆ 3 ನಿಮಿಷ. ಕೊನೆಗೆ 30 ನಿಮಿಷ ಖಾಲಿ. ಫೋಟೊದವರನ್ನು ಎಷ್ಟು ಗಂಟೆಯವರೆಗೆ ಗೊತ್ತುಮಾಡಬೇಕು?

(ಉತ್ತರ: 80 + 45 + 30 = 155 ನಿಮಿಷ. ರಾತ್ರಿ 9.05ರವರೆಗೆ.)